ಮನೆಯಲ್ಲಿ ಸಾವು ಕಂಡ ಮಗು ಶಾಲೆಗೆ ಬಂದಾಗ: ಕೌನ್ಸೆಲರ್ ಬೇಕೋ, ಪಾಠ ಬೇಕೋ?

ಎಸ್ಸೆಸ್ಸೆಲ್ಸಿ ಪರೀಕ್ಷೆ ಶುರುವಾದರೆ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದು ಸುದ್ದಿ ಹೆಚ್ಚುಕಡಿಮೆ ಪ್ರತಿ ವರ್ಷ ಕಾಣಿಸುತ್ತದೆ. ಅಪ್ಪನ ಸಾವಿನ ನೋವಲ್ಲೂ ಪರೀಕ್ಷೆ ಬರೆದ ವಿದ್ಯಾರ್ಥಿನಿ. ಊರು ಬದಲಾಗುತ್ತದೆ, ತಲೆಬರಹ ಬದಲಾಗುವುದಿಲ್ಲ. ಓದಿದವರು ಹುಡುಗಿಯ ಧೈರ್ಯ ಮೆಚ್ಚುತ್ತಾರೆ. ಪರೀಕ್ಷೆ ಬರೆದು ಬಂದು ಅಂತ್ಯಕ್ರಿಯೆಯಲ್ಲಿ ಪಾಲ್ಗೊಂಡಳು ಅನ್ನುವಲ್ಲಿಗೆ ಸುದ್ದಿ ಮುಗಿಯುತ್ತದೆ. ಅದೇ ವರ್ಷ ಇನ್ನೊಮ್ಮೆ ಪರೀಕ್ಷೆ ಬರೆಯುವ ದಾರಿ ಇದೆ ಅಂತ ಆ ಬೆಳಿಗ್ಗೆ ಅವಳಿಗೆ ಯಾರಾದರೂ ಹೇಳಿದರಾ? ಅದು ಸುದ್ದಿಯಲ್ಲಿ ಇರುವುದಿಲ್ಲ.

ಈ ನಡುವೆ ಬೇರೆ ಸುದ್ದಿಗಳೂ ಬಂದಿವೆ. ಶಾಲೆಗಳಲ್ಲಿ ಕೌನ್ಸೆಲರ್ ಇರಬೇಕು ಅಂತ ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿತು. ಸಾವು ಮತ್ತು ಅಗಲಿಕೆಯ ದುಃಖದ ಬಗ್ಗೆ ಶಾಲೆಯಲ್ಲೇ ಕಲಿಸಬೇಕು ಅಂತ ಅಮೆರಿಕದ ನ್ಯೂಜೆರ್ಸಿ ರಾಜ್ಯ 2024ರಲ್ಲಿ ಕಾನೂನು ಮಾಡಿತು. ಇಂಗ್ಲೆಂಡ್ ಸರ್ಕಾರವೂ ಅದೇ ದಾರಿ ಹಿಡಿಯಿತು. ಇವನ್ನೆಲ್ಲ ಒಟ್ಟಿಗೆ ಓದಿದವರಿಗೆ ಗೊಂದಲ ಆಗದೇ ಇರುತ್ತದಾ? ಹಾಗಾದರೆ ತೀರ್ಥಹಳ್ಳಿಯ, ಹೊಸನಗರದ ಹಳ್ಳಿ ಶಾಲೆಗೂ ಕೌನ್ಸೆಲರ್ ಬರ್ತಾರಾ? ಇನ್ನು ಮೇಲೆ ಸಾವಿಗೂ ಒಂದು ಪಾಠ, ಅದಕ್ಕೂ ಒಂದು ಪರೀಕ್ಷೆನಾ?

ಸದ್ಯದ ಮಟ್ಟಿಗೆ ಎರಡಕ್ಕೂ ಉತ್ತರ ಹೆಚ್ಚುಕಡಿಮೆ ‘ಇಲ್ಲ’ ಎಂದೇ. ಯಾಕೆ ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕೋರ್ಟ್ ಹೇಳಿದ್ದೇನು?

ವಿಶಾಖಪಟ್ಟಣದಲ್ಲಿ ನೀಟ್ ಪರೀಕ್ಷೆಗೆ ತಯಾರಾಗುತ್ತಿದ್ದ 17 ವರ್ಷದ ಹುಡುಗಿಯೊಬ್ಬಳು 2023ರಲ್ಲಿ ಸತ್ತಳು. ಅವಳ ತಂದೆ ಸಿಬಿಐ ತನಿಖೆ ಕೇಳಿ ಕೋರ್ಟ್ ಮೆಟ್ಟಿಲೇರಿದರು. 2025ರ ಜುಲೈ 25ರಂದು ನ್ಯಾಯಮೂರ್ತಿಗಳಾದ ವಿಕ್ರಮ್ ನಾಥ್ ಮತ್ತು ಸಂದೀಪ್ ಮೆಹ್ತಾ ತನಿಖೆಗೆ ಆದೇಶಿಸಿದರು. ಜೊತೆಗೆ ಇಡೀ ದೇಶದ ಶಾಲೆ, ಕಾಲೇಜು, ಕೋಚಿಂಗ್ ಕೇಂದ್ರ, ಹಾಸ್ಟೆಲ್‌ಗಳಿಗೆ 15 ಮಾರ್ಗಸೂಚಿಗಳನ್ನೂ ಕೊಟ್ಟರು. ಸಂಸತ್ತು ಅಥವಾ ಸರ್ಕಾರ ಬೇರೆ ನಿಯಮ ಮಾಡುವವರೆಗೆ ಇವೇ ಕಾನೂನು.

ಅದರಲ್ಲಿ ನಮಗೆ ಬೇಕಾದ ಅಂಶ ಮೂರು. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕಡೆ ತರಬೇತಿ ಪಡೆದ ಒಬ್ಬ ಕೌನ್ಸೆಲರ್, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತ ಇರಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರ ಜೊತೆ ಅಧಿಕೃತ ಸಂಪರ್ಕ ಇಟ್ಟುಕೊಂಡರೆ ಸಾಕು. ಇನ್ನು ಬೋಧಕರು, ಬೋಧಕೇತರರು ಎಲ್ಲರಿಗೂ ವರ್ಷಕ್ಕೆ ಕನಿಷ್ಠ ಎರಡು ಸಲ ತರಬೇತಿ ಆಗಬೇಕು.

ಆದೇಶದ ಗಮನ ಇರುವುದು ಮುಖ್ಯವಾಗಿ ಆತ್ಮಹತ್ಯೆ ತಡೆಯುವುದರ ಮೇಲೆ. ಅದಕ್ಕೆ ಕಾರಣವೂ ಇದೆ. 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು ಅಂತ ಅಪರಾಧ ದಾಖಲೆ ಬ್ಯೂರೋದ ಲೆಕ್ಕ ಹೇಳುತ್ತದೆ. ಆದರೆ ಅಪ್ಪನೋ ಅಮ್ಮನೋ ತೀರಿಕೊಂಡ ಮೇಲೆ ಶಾಲೆಗೆ ವಾಪಸ್ ಬರುವ ಮಗುವಿನ ವಿಷಯವೇ ಬೇರೆ. ಆ ಮಗುವಿಗೆ ಕಾಯಿಲೆ ಇಲ್ಲ, ಪರೀಕ್ಷೆಯ ಭಯವೂ ಇರಲಿಕ್ಕಿಲ್ಲ. ಅದಕ್ಕೆ ಆಗಿರುವುದು ದುಃಖ.

ಪಾಠ ಬೇರೆ, ಆಸರೆ ಬೇರೆ

ನ್ಯೂಜೆರ್ಸಿಯಲ್ಲಿ 8ರಿಂದ 12ನೇ ತರಗತಿಯವರೆಗೆ ಆರೋಗ್ಯ ಮತ್ತು ದೈಹಿಕ ಶಿಕ್ಷಣದ ಭಾಗವಾಗಿ ದುಃಖದ ಬಗ್ಗೆ ಕಲಿಸಬೇಕು. ಇಂಗ್ಲೆಂಡಿನ ಹೊಸ ಮಾರ್ಗಸೂಚಿ ಜಾರಿಗೆ ಬರುವ ದಿನ 2026ರ ಸೆಪ್ಟೆಂಬರ್ 1. ಅಗಲಿಕೆಯಿಂದ ನಾನಾ ಭಾವನೆ ಬರುತ್ತವೆ, ದುಃಖ ಸಹಜ, ಒಬ್ಬೊಬ್ಬರು ಒಂದೊಂದು ರೀತಿ ದುಃಖಪಡುತ್ತಾರೆ, ಇದಿಷ್ಟು ಅಲ್ಲಿನ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಗೊತ್ತಿರಬೇಕು. ಬ್ರಿಟನ್ನಿನಲ್ಲಿ ಶಾಲೆಗೆ ಹೋಗುವ ಸುಮಾರು 29 ಮಕ್ಕಳಲ್ಲಿ ಒಬ್ಬರು ಅಪ್ಪ, ಅಮ್ಮ ಅಥವಾ ಒಡಹುಟ್ಟಿದವರನ್ನು ಕಳೆದುಕೊಂಡಿರುತ್ತಾರೆ ಅನ್ನುವ ಅಂದಾಜು, ಹೀಗೆ ಕಲಿಸಬೇಕು ಅನ್ನುವ ಬೇಡಿಕೆಯ ಹಿಂದಿತ್ತು. ಅಂದರೆ ಹೆಚ್ಚುಕಡಿಮೆ ತರಗತಿಗೆ ಒಬ್ಬರು.

ಇದು ಎಲ್ಲ ಮಕ್ಕಳಿಗೂ ಕೊಡುವ ಪಾಠ. ಇದರ ಗುರಿ ದುಃಖದಲ್ಲಿರುವ ಮಗುವಿಗಿಂತ ಪಕ್ಕದ ಬೆಂಚಿನ ಮಗು. ಗೆಳೆಯನ ಅಪ್ಪ ಸತ್ತರೆ ಏನು ಮಾತಾಡಬೇಕು, ಏನು ಕೇಳಬಾರದು ಅಂತ ಅವನಿಗೆ ಗೊತ್ತಿರಲಿ ಅಂತ.

ಆಸರೆ ಅನ್ನುವುದು ಬೇರೆ. ಇಂಥ ಮನೆಯಲ್ಲಿ ಸಾವಾಗಿದೆ ಅಂತ ಗೊತ್ತಾದ ಗಳಿಗೆಯಿಂದ ಶಾಲೆ ಆ ಒಂದು ಮಗುವಿಗೋಸ್ಕರ ಮಾಡುವ ಕೆಲಸ ಅದು. ಕೌನ್ಸೆಲರ್ ಇದರಲ್ಲಿ ಒಂದು ಭಾಗ ಮಾತ್ರ. ನಮ್ಮ ಚರ್ಚೆಯಲ್ಲಿ ಪಾಠ, ಆಸರೆ, ಕೌನ್ಸೆಲರ್ ಮೂರೂ ಕಲಸಿಕೊಂಡಿವೆ. ಹಾಗಾಗಿಯೇ ಒಬ್ಬರು ‘ಸಿಲೆಬಸ್ ಈಗಲೇ ಜಾಸ್ತಿ’ ಅನ್ನುತ್ತಾರೆ, ಇನ್ನೊಬ್ಬರು ‘ಕೌನ್ಸೆಲರ್ ಪೋಸ್ಟ್ ಯಾವಾಗ’ ಅನ್ನುತ್ತಾರೆ. ಇಬ್ಬರೂ ಮಾತಾಡುತ್ತಿರುವುದು ಬೇರೆ ಬೇರೆ ವಿಷಯ.

ಮಗು ದುಃಖಪಡುವ ರೀತಿ

ದೊಡ್ಡವರ ದುಃಖ ನೋಡಿ ಮಕ್ಕಳದ್ದನ್ನು ಅಳೆಯಲು ಹೋದರೆ ಲೆಕ್ಕ ತಪ್ಪುತ್ತದೆ. ಸಾವು ಅರ್ಥವಾಗಲು ನಾಲ್ಕು ಸಂಗತಿ ತಲೆಗೆ ಇಳಿಯಬೇಕು. ಸತ್ತವರು ವಾಪಸ್ ಬರುವುದಿಲ್ಲ. ಅವರ ದೇಹಕ್ಕೆ ಇನ್ನು ಹಸಿವು, ಚಳಿ, ನೋವು ಯಾವುದೂ ಇಲ್ಲ. ಸಾವು ಎಲ್ಲರಿಗೂ ಬರುತ್ತದೆ. ಸಾವಿಗೆ ಒಂದು ಕಾರಣ ಇರುತ್ತದೆ. ಹೆಚ್ಚಿನ ಮಕ್ಕಳಿಗೆ ಇವು 5ರಿಂದ 7 ವರ್ಷದ ಹೊತ್ತಿಗೆ ಒಂದೊಂದಾಗಿ ತಿಳಿಯಲು ಶುರುವಾಗಿ, 10ರ ಆಸುಪಾಸಿನಲ್ಲಿ ಪೂರ್ತಿ ತಿಳಿಯುತ್ತವೆ.

ಹಾಗಾಗಿ ಒಂದನೇ ತರಗತಿಯ ಮಗುವಿಗೆ ‘ಅಮ್ಮ ದೇವರ ಹತ್ರ ಹೋಗಿದಾಳೆ’ ಅಂದರೆ, ಹೋದವಳು ಬರುತ್ತಾಳೆ ಅಂತಲೇ ಅದು ತಿಳಿಯುತ್ತದೆ. ‘ಮಲಗಿದ್ದಾರೆ’ ಅಂದರೆ ಮಲಗುವುದಕ್ಕೇ ಹೆದರಬಹುದು. ಕಾರಣ ತಿಳಿಯದ ಮಗು ತಾನೇ ಒಂದು ಕಾರಣ ಹುಡುಕಿಕೊಳ್ಳುತ್ತದೆ. ಆ ದಿನ ನಾನು ಹಠ ಮಾಡಿದ್ದಕ್ಕೇ ಹೀಗಾಯಿತು ಅಂತ. ಇದನ್ನು ಅದು ಬಾಯಿಬಿಟ್ಟು ಹೇಳುವುದು ಅಪರೂಪ.

ಇನ್ನೊಂದು ವಿಷಯ ದೊಡ್ಡವರನ್ನು ಬಹಳ ಸಲ ದಾರಿ ತಪ್ಪಿಸುತ್ತದೆ. ಬೆಳಿಗ್ಗೆ ಅತ್ತ ಹುಡುಗ ಮಧ್ಯಾಹ್ನ ಕಬಡ್ಡಿ ಆಡುತ್ತಾನೆ. ‘ಇವನಿಗೆ ಅಪ್ಪ ಹೋದ ದುಃಖವೇ ಇಲ್ಲ’ ಅಂತ ಯಾರೋ ಅಂದುಬಿಡುತ್ತಾರೆ, ಅದು ಅವನ ಕಿವಿಗೂ ಬೀಳುತ್ತದೆ. ನೆದರ್ಲೆಂಡ್ಸ್‌ನಲ್ಲಿ ಕೆಲಸ ಮಾಡಿದ ಸಂಶೋಧಕರಾದ ಸ್ಟ್ರೋಬ್ ಮತ್ತು ಶುಟ್ 1999ರಲ್ಲಿ ಮಂಡಿಸಿದ ವಿವರಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ದುಃಖದಲ್ಲಿರುವವರು ಕಳೆದುಕೊಂಡದ್ದರ ಕಡೆಗೂ ದಿನನಿತ್ಯದ ಬದುಕಿನ ಕಡೆಗೂ ಓಲಾಡುತ್ತಲೇ ಇರುತ್ತಾರೆ, ಈ ಓಲಾಟವೇ ಚೇತರಿಕೆಯ ದಾರಿ ಅನ್ನುತ್ತಾರೆ ಅವರು. ಮಕ್ಕಳಲ್ಲಿ ಇದು ಇನ್ನೂ ಬೇಗ ಬೇಗ ಆಗುತ್ತದೆ. ಹಾಗೆ ನೋಡಿದರೆ ಕಬಡ್ಡಿ ಆಟವೂ ದುಃಖದ ಭಾಗವೇ.

ದುಃಖಕ್ಕೆ ಐದು ಹಂತ ಇದೆ ಅನ್ನುವ ಮಾತು ಮೊಬೈಲಿನಲ್ಲಿ ಬಹಳ ಓಡಾಡುತ್ತದೆ. ಎಲಿಜಬೆತ್ ಕ್ಯೂಬ್ಲರ್ ರಾಸ್ 1969ರಲ್ಲಿ ಅದನ್ನು ಬರೆದದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳ ಬಗ್ಗೆ. ಮಕ್ಕಳ ಮೇಲೆ ಅದನ್ನು ಹೊರಿಸಿ ‘ನೀನಿನ್ನೂ ಸಿಟ್ಟಿನ ಹಂತದಲ್ಲಿದ್ದೀಯ’ ಅನ್ನುವುದರಿಂದ ಏನೂ ಸಿಗುವುದಿಲ್ಲ.

ಹೆಚ್ಚಿನ ಮಕ್ಕಳಿಗೆ ಚಿಕಿತ್ಸೆ ಬೇಕಾಗುವುದಿಲ್ಲ ಅನ್ನುವುದನ್ನೂ ಹೇಳಬೇಕು. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ 2022ರಲ್ಲಿ ‘ದೀರ್ಘಕಾಲದ ದುಃಖದ ಕಾಯಿಲೆ’ ಅಂತ ಹೊಸ ಹೆಸರು ಸೇರಿತು. ಅದರ ಪ್ರಕಾರವೂ ಮಕ್ಕಳ ವಿಷಯದಲ್ಲಿ ಕನಿಷ್ಠ 6 ತಿಂಗಳು ಕಳೆದಿರಬೇಕು, ದುಃಖ ದಿನದ ಬದುಕನ್ನೇ ನಿಲ್ಲಿಸುವಷ್ಟು ತೀವ್ರವಾಗಿರಬೇಕು. ಅಂಥವರು ಕೆಲವರೇ. ಉಳಿದವರಿಗೆ ಬೇಕಾದದ್ದು ನಿಜ ಹೇಳುವ ಒಬ್ಬ ದೊಡ್ಡವರು, ಮೊದಲಿನ ಹಾಗೇ ನಡೆಯುವ ದಿನಚರಿ, ಅಳು ಬಂದರೆ ಎದ್ದು ಹೋಗಲು ಒಂದು ಜಾಗ. ಇದರಲ್ಲಿ ಶಾಲೆಗೆ ಮೀರಿದ್ದು ಯಾವುದೂ ಇಲ್ಲ.

ಎರಡನೇ ವರ್ಷ ಎಲ್ಲರೂ ಮರೆತಿರುತ್ತಾರೆ

ವಿಲಿಯಂ ವರ್ಡನ್ ಮತ್ತು ಫಿಲ್ಲಿಸ್ ಸಿಲ್ವರ್‌ಮನ್ ಹಾರ್ವರ್ಡ್‌ನಲ್ಲಿ ನಡೆಸಿದ ಅಧ್ಯಯನ ಈ ಕ್ಷೇತ್ರದಲ್ಲಿ ಪ್ರಸಿದ್ಧ. ಅಪ್ಪ ಅಥವಾ ಅಮ್ಮನನ್ನು ಕಳೆದುಕೊಂಡ ಮಕ್ಕಳನ್ನೂ ಉಳಿದ ಮಕ್ಕಳನ್ನೂ ಅವರು ಹೋಲಿಸಿ ನೋಡಿದರು. ಒಂದು ವರ್ಷದ ಹೊತ್ತಿಗೆ ಕಂಡದ್ದಕ್ಕಿಂತ ಎರಡನೇ ವರ್ಷದ ಹೊತ್ತಿಗೆ ಇಬ್ಬರ ನಡುವಿನ ಅಂತರ ಹೆಚ್ಚಾಗಿತ್ತು.

ಇದನ್ನು ನಮ್ಮ ಶಾಲಾ ವ್ಯವಸ್ಥೆಯ ಪಕ್ಕ ಇಟ್ಟು ನೋಡಿ. ಐದನೆಯವರೆಗೆ ಊರಿನ ಕಿರಿಯ ಪ್ರಾಥಮಿಕ ಶಾಲೆ. ಆರಕ್ಕೆ ಇನ್ನೊಂದು ಊರು. ಎಂಟಕ್ಕೆ ಹೋಬಳಿಯ ಹೈಸ್ಕೂಲು. ಏಳನೇ ತರಗತಿಯಲ್ಲಿ ಅಪ್ಪನನ್ನು ಕಳೆದುಕೊಂಡ ಹುಡುಗಿ, ತೊಂದರೆ ಕಾಣಿಸಿಕೊಳ್ಳುವ ಹೊತ್ತಿಗೆ ಎಂಟನೇ ತರಗತಿಯಲ್ಲಿ, ಗುರುತಿಲ್ಲದ ಮೇಷ್ಟ್ರುಗಳ ಮುಂದೆ ಕೂತಿರುತ್ತಾಳೆ. ಅವಳ ಟಿಸಿ ಬಂದಿರುತ್ತದೆ, ಅಂಕ ಬಂದಿರುತ್ತವೆ. ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆ ಸ್ಯಾಟ್ಸ್‌ನಲ್ಲಿ ತಂದೆಯ ಹೆಸರೂ ಇರುತ್ತದೆ, ಅವರು ಬದುಕಿದ್ದಾರೆ ಅನ್ನುವ ಹಾಗೆ. ಹೊಸ ಶಾಲೆಗೆ ಕಾಣುವುದು ಹೋಂವರ್ಕ್ ಮಾಡದ, ಸುಮ್ನೆ ಕಿಟಕಿ ನೋಡುವ ಹುಡುಗಿ ಮಾತ್ರ. ‘ನಾಳೆ ಅಪ್ಪನ್ನ ಕರ್ಕೊಂಡು ಬಾ’ ಅಂತ ಒಬ್ಬರು ಗದರುತ್ತಾರೆ. ಕನ್ನಡ ಪಿರಿಯಡ್‌ನಲ್ಲಿ ‘ನನ್ನ ತಂದೆ’ ಅಂತ ಪ್ರಬಂಧ ಕೊಡುತ್ತಾರೆ. ಯಾರದ್ದೂ ಕೆಟ್ಟ ಉದ್ದೇಶ ಅಲ್ಲ. ಮಾಹಿತಿ ಹಳೇ ಶಾಲೆಯಲ್ಲೇ ಉಳಿದುಬಿಟ್ಟಿದೆ, ಅಷ್ಟೇ.

ನನ್ನ ಪ್ರಕಾರ ಈ ಇಡೀ ಚರ್ಚೆಯಲ್ಲಿ ಎಲ್ಲಕ್ಕಿಂತ ಕಡಿಮೆ ಖರ್ಚಿನಲ್ಲಿ ಸರಿಯಾಗುವ ವಿಷಯ ಇದು. ಪೋಷಕರ ಒಪ್ಪಿಗೆ ಪಡೆದು, ಹಳೇ ಹೆಡ್‌ಮಾಸ್ಟರ್ ಹೊಸ ಹೆಡ್‌ಮಾಸ್ಟರ್‌ಗೆ ಒಂದು ಫೋನ್ ಮಾಡಿದರೂ ಅರ್ಧ ಕೆಲಸ ಆಯಿತು.

ನೂರರ ಗೆರೆ ಮತ್ತು ಮಲೆನಾಡು

ಕೋರ್ಟ್ ಎಳೆದ 100ರ ಗೆರೆ ಬಯಲುಸೀಮೆಯ ದೊಡ್ಡ ಊರಿಗೆ, ಶಿವಮೊಗ್ಗ ನಗರದ ಖಾಸಗಿ ಶಾಲೆಗೆ ಸಲೀಸಾಗಿ ಹೊಂದುತ್ತದೆ. ಘಟ್ಟದ ಕಡೆ ಕಥೆ ಬೇರೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಒಳಭಾಗದಲ್ಲಿ ಮನೆಗಳು ತೋಟಕ್ಕೊಂದು, ಗುಡ್ಡಕ್ಕೊಂದು. ಊರಿಗೊಂದು ಶಾಲೆ ಇದ್ದರೂ ಮಕ್ಕಳು ಕೈಬೆರಳೆಣಿಕೆಯಷ್ಟು. ಇಬ್ಬರು ಶಿಕ್ಷಕರು, ಒಬ್ಬರು ರಜೆ ಹಾಕಿದರೆ ಒಬ್ಬರೇ. ಇಂಥ ಶಾಲೆಗಳೆಲ್ಲ ‘ಹೊರಗಿನ ತಜ್ಞರ ಸಂಪರ್ಕ ಸಾಕು’ ಅನ್ನುವ ಸಾಲಿಗೆ ಬರುತ್ತವೆ.

ಆ ಹೊರಗಿನ ತಜ್ಞರು ಎಲ್ಲಿದ್ದಾರೆ? ಶಿವಮೊಗ್ಗಕ್ಕೆ ಈ ವಿಷಯದಲ್ಲಿ ಒಳ್ಳೆಯ ಹೆಸರಿದೆ. ಮನೋವೈದ್ಯ ಡಾ. ಅಶೋಕ್ ಪೈ ದಶಕಗಳ ಕಾಲ ಇಲ್ಲಿಂದಲೇ ಮನಸ್ಸಿನ ಕಾಯಿಲೆಗಳ ಬಗ್ಗೆ ಜನರಿಗೆ ತಿಳಿಯುವ ಕನ್ನಡದಲ್ಲಿ ಬರೆದರು, ಮಾತಾಡಿದರು. ಮೆಗ್ಗಾನ್ ಆಸ್ಪತ್ರೆ ಇದೆ, ಸಿಮ್ಸ್ ವೈದ್ಯಕೀಯ ಕಾಲೇಜಿದೆ. ಆದರೆ ಆಗುಂಬೆಯಿಂದ ಶಿವಮೊಗ್ಗಕ್ಕೆ ಸುಮಾರು 90 ಕಿಲೋಮೀಟರ್. ಶರಾವತಿ ಹಿನ್ನೀರಿನಾಚೆಯ ತುಮರಿ ಭಾಗದವರಿಗೆ 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆಗುವವರೆಗೆ ಲಾಂಚ್ ಹಿಡಿಯದೇ ಸಾಗರಕ್ಕೆ ಬರುವುದೇ ಕಷ್ಟವಿತ್ತು. ರಾಜ್ಯದ ‘ಮನೋಚೈತನ್ಯ’ ಯೋಜನೆಯಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ಒಳ್ಳೆಯ ವ್ಯವಸ್ಥೆಯೇ. ಆದರೆ ಗಂಡನನ್ನು ಕಳೆದುಕೊಂಡು ಕೂಲಿಗೆ ಹೊರಟಿರುವ ತಾಯಿ, ಮಗುವಿಗೆ ಶಾಲೆ ತಪ್ಪಿಸಿ, ತನ್ನ ದಿನದ ಕೂಲಿ ಬಿಟ್ಟು, ಬಸ್ಸಿಗೆ ದುಡ್ಡು ಹಾಕಿ ಬರಬೇಕು. 2022ರಿಂದ ಟೆಲಿ ಮಾನಸ್ ಸಹಾಯವಾಣಿ ಇದೆ, 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಅದಕ್ಕೆ ಮೊದಲು ಸಿಗ್ನಲ್ ಸಿಗುವ ದಿಬ್ಬ ಹುಡುಕಬೇಕಾದ ಊರುಗಳು ಮಲೆನಾಡಿನಲ್ಲಿ ಇನ್ನೂ ಇವೆ.

ಸಾವಿನ ರೀತಿಯೂ ಮುಖ್ಯವಾಗುತ್ತದೆ. ಅಡಿಕೆ ಗೊನೆ ಕೊಯ್ಯುವಾಗ ಮರದಿಂದ ಬಿದ್ದು ಸತ್ತ ಅಪ್ಪ. ಸಾಲಕ್ಕೆ ಹೆದರಿ ಜೀವ ತೆಗೆದುಕೊಂಡ ಅಪ್ಪ. ಮಂಗನ ಕಾಯಿಲೆಗೆ ಹೋದ ಅಮ್ಮ. ಮೂರೂ ಮನೆಯ ಮಕ್ಕಳ ಕಷ್ಟ ಒಂದೇ ಅಲ್ಲ. ಆತ್ಮಹತ್ಯೆಯಾದ ಮನೆಯ ಬಗ್ಗೆ ಊರು ಪಿಸುಗುಡುತ್ತದೆ, ಮಗುವಿನ ಎದುರು ಬಾಯಿಮುಚ್ಚುತ್ತದೆ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದೇ ಸೊರಬದ ಕ್ಯಾಸನೂರು ಕಾಡಿನಲ್ಲಿ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಅದು ಹಲವರನ್ನು ಬಲಿ ತೆಗೆದುಕೊಂಡಿತು. ಉಣುಗಿನಿಂದ ಬರುವ ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಇದು ತರಗತಿಯ ಉಳಿದ ಮಕ್ಕಳಿಗೆ ಗೊತ್ತಿಲ್ಲದಿದ್ದರೆ ಅವರು ಆ ಮಗುವಿನ ಪಕ್ಕ ಕೂರದೇ ಇರಬಹುದು. ಆ ಮಗುವಾದರೋ ಅದೇ ಕಾಡಿಗೆ ದರಗು (ಒಣ ಎಲೆ) ತರಲು ಮತ್ತೆ ಹೋಗಬೇಕು. ಇಂಥ ಸಂಗತಿ ಅಮೆರಿಕದ ಪಾಠದಲ್ಲಿ ಸಿಗುವುದಿಲ್ಲ, ಊರಿನ ಮೇಷ್ಟ್ರಿಗೆ ಮಾತ್ರ ಗೊತ್ತಿರುತ್ತದೆ.

‘ಶಾಲೆಗ್ಯಾಕೆ ಈ ಉಸಾಬರಿ?’

ಈ ಪ್ರಶ್ನೆ ಕೇಳುವವರು ಮೂರು ಕಡೆಯಿಂದ ಬರುತ್ತಾರೆ. ಮೂವರಲ್ಲೂ ಸ್ವಲ್ಪ ಸ್ವಲ್ಪ ನ್ಯಾಯ ಇದೆ.

ಮೊದಲನೆಯವರು ಹೇಳುವುದು, ದುಃಖ ನೋಡಿಕೊಳ್ಳಲು ಮನೆ, ನೆಂಟರು, ಕೇರಿ ಇದ್ದಾರೆ ಅಂತ. ಸೂತಕ, ಹನ್ನೊಂದನೇ ದಿನ, ತಿಥಿ, ಮಹಾಲಯ ಅಮಾವಾಸ್ಯೆಯ ಎಡೆ, ಇವೆಲ್ಲ ಸತ್ತವರನ್ನು ನೆನೆಯುವುದಕ್ಕೆ ಕಟ್ಟಿಕೊಂಡ ದಾರಿಗಳೇ. ಮುಸ್ಲಿಮರಲ್ಲಿ, ಕ್ರೈಸ್ತರಲ್ಲಿ ಅವರವರ ದಾರಿ ಇದೆ. ಸತ್ತವರ ನಂಟನ್ನು ಕಡಿದುಕೊಳ್ಳದೇ ಉಳಿಸಿಕೊಳ್ಳುವುದು ಆರೋಗ್ಯಕರ ಅಂತ ಮನಶ್ಶಾಸ್ತ್ರ ಒತ್ತಿ ಹೇಳಿದ್ದು 1990ರ ದಶಕದಲ್ಲಿ. ನಮ್ಮ ಅಜ್ಜಿಯರಿಗೆ ಅದು ಮೊದಲೇ ಗೊತ್ತಿತ್ತು! ಆದರೆ ಈ ವಾದಕ್ಕೆ ಎರಡು ತೂತು. ಆಚರಣೆಗಳಲ್ಲಿ ಕೆಲಸ ಇರುವುದು ದೊಡ್ಡವರಿಗೆ. ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ಅಜ್ಜನ ಮನೆಗೆ ಕಳಿಸಿರುತ್ತಾರೆ, ಇಲ್ಲವೇ ಒಳಗೆ ಕೂರಿಸಿರುತ್ತಾರೆ. ಇನ್ನು ಬಿಸಿಎಂ ಹಾಸ್ಟೆಲ್‌ನಲ್ಲಿ, ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಇರುವ ಮಗುವಿಗೆ ಹದಿನಾಲ್ಕನೇ ದಿನದಿಂದ ಕೇರಿಯೂ ಇಲ್ಲ, ಅಜ್ಜಿಯೂ ಇಲ್ಲ. ಇರುವುದು ವಾರ್ಡನ್ ಮಾತ್ರ.

ಎರಡನೆಯವರು ಶಿಕ್ಷಕರೇ. ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಚುನಾವಣೆ ಕೆಲಸ. 2025ರ ದಸರಾ ಹೊತ್ತಿಗಂತೂ ಮನೆಮನೆ ಜಾತಿ ಸಮೀಕ್ಷೆ ಮುಗಿಸಲು ಶಾಲೆಗಳ ರಜೆಯನ್ನೇ ಮುಂದುವರಿಸಬೇಕಾಯಿತು. ಇದರ ಮೇಲೆ ಕೌನ್ಸೆಲಿಂಗನ್ನೂ ಹೇರಿದರೆ ಆಗುವುದಿಲ್ಲ ಅನ್ನುವುದು ಕುಂಟುನೆಪ ಅಲ್ಲ. ಆಯುಷ್ಮಾನ್ ಭಾರತ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ 2020ರಿಂದಲೇ ಶಾಲೆಗೆ ಇಬ್ಬರು ಶಿಕ್ಷಕರನ್ನು ಆರೋಗ್ಯ ರಾಯಭಾರಿಗಳೆಂದು ಗುರುತಿಸಬೇಕು ಅಂತಿದೆ. ಇರುವವರೇ ಇಬ್ಬರಾದರೆ ಗುರುತಿಸುವ ಕಷ್ಟವಾದರೂ ತಪ್ಪುತ್ತದೆ ಅನ್ನಿ.

ಮೂರನೆಯವರು ಸಂಶೋಧಕರು. ಇವರ ಮಾತನ್ನು ಜಾಸ್ತಿ ಗಮನವಿಟ್ಟು ಕೇಳಬೇಕು. ಬ್ರಿಟನ್ನಿನಲ್ಲಿ 80ಕ್ಕೂ ಹೆಚ್ಚು ಶಾಲೆಗಳ 8,000ಕ್ಕೂ ಹೆಚ್ಚು ಮಕ್ಕಳ ಮೇಲೆ ಒಂದು ದೊಡ್ಡ ಪ್ರಯೋಗ ನಡೆಯಿತು. ತರಗತಿಯ ಎಲ್ಲರಿಗೂ ಧ್ಯಾನದ ರೀತಿಯ ಪಾಠ ಕೊಟ್ಟರೆ ಮನಸ್ಸಿನ ಆರೋಗ್ಯ ಸುಧಾರಿಸುತ್ತದಾ ಅಂತ ನೋಡಿದರು. 2022ರಲ್ಲಿ ಬಂದ ಫಲಿತಾಂಶ: ಮಾಮೂಲಿ ಪಾಠಕ್ಕಿಂತ ಹೆಚ್ಚಿನ ಉಪಯೋಗ ಕಾಣಲಿಲ್ಲ. ಮೊದಲೇ ತೊಂದರೆಯಲ್ಲಿದ್ದ ಕೆಲವು ಮಕ್ಕಳಿಗೆ ಒಳ್ಳೆಯದಾಗುವ ಬದಲು ಸ್ವಲ್ಪ ಕೆಟ್ಟದ್ದೇ ಆಗಿರುವ ಸೂಚನೆಯೂ ಇತ್ತು. ದುರಂತವಾದ ಕೂಡಲೇ ಎಲ್ಲರನ್ನೂ ಕೂರಿಸಿ ಆದದ್ದನ್ನೆಲ್ಲ ಹೇಳಿಸುವ ಪದ್ಧತಿಯನ್ನೂ ವಿಶ್ವ ಆರೋಗ್ಯ ಸಂಸ್ಥೆ ಒಪ್ಪುವುದಿಲ್ಲ. ನೋಡು, ಕೇಳಿಸಿಕೋ, ಬೇಕಾದ ಕಡೆ ಜೋಡಿಸು, ಇಷ್ಟೇ ಅದರ ಸಲಹೆ. ಒತ್ತಾಯದಿಂದ ಮಾತಾಡಿಸಬೇಡಿ ಅನ್ನುತ್ತದೆ.

ಹಾಗಾಗಿ ಪಠ್ಯಪುಸ್ತಕಕ್ಕೆ ಒಂದು ಪಾಠ ಸೇರಿಸಿ ಕೈತೊಳೆದುಕೊಳ್ಳುವುದು ಅಪಾಯ. ಸಾವಿನ ಪಾಠ ಓದುತ್ತಿರುವ ತರಗತಿಯಲ್ಲೇ ಹೋದ ತಿಂಗಳು ಅಮ್ಮನನ್ನು ಕಳೆದುಕೊಂಡ ಮಗು ಕೂತಿದ್ದು, ಮೇಷ್ಟ್ರಿಗೆ ಅದನ್ನು ನಿಭಾಯಿಸಲು ಬಾರದಿದ್ದರೆ ಏನಾಗುತ್ತದೆ ಅಂತ ಊಹಿಸಬಹುದು. ಆಸರೆ ಮೊದಲು, ಪಾಠ ಆಮೇಲೆ. ಈ ಅನುಕ್ರಮ ತಿರುಗಿಸಬಾರದು.

ದುಡ್ಡಿನ ಕಡೆ

ಮಗುವಿಗೆ ಸಾವು ತರುವ ಹಣದ ಕಷ್ಟವನ್ನು ಸರ್ಕಾರಗಳು ಕಂಡಿವೆ. ಕೋವಿಡ್‌ನಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ ರಾಜ್ಯ 2021ರಲ್ಲಿ ಬಾಲ ಸೇವಾ ಯೋಜನೆಯಲ್ಲಿ ತಿಂಗಳಿಗೆ 3,500 ರೂಪಾಯಿ ಘೋಷಿಸಿತು. ಕೋವಿಡ್ ಅಲ್ಲದ ಸಾವಿಗೂ ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವ ಇದೆ. ತಂದೆ ತೀರಿಕೊಂಡ ಬಡ ಮನೆಯ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಹಳ್ಳಿಯಾದರೆ ಮನೆಯ ವರ್ಷದ ಆದಾಯ 72,000 ರೂಪಾಯಿ ಮೀರಿರಬಾರದು. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಈ ವಿಷಯವನ್ನು ತಾಯಿಗೆ ಹೇಳುವುದೂ ಆಸರೆಯೇ, ಬಹಳ ಸಲ ಎಲ್ಲಕ್ಕಿಂತ ಮೊದಲು ಬೇಕಾದ ಆಸರೆ. ಯಾಕೆಂದರೆ ಹುಡುಗ ಶಾಲೆ ಬಿಟ್ಟು ತೋಟದ ಕೆಲಸಕ್ಕೆ ಹೋಗುವುದು ದುಃಖದಿಂದ ಮಾತ್ರ ಅಲ್ಲ. ‘ಇನ್ನು ಮನೆಗೆ ಗಂಡಸು ನೀನೇ’ ಅಂತ ಬಂದವರೆಲ್ಲ ಹೇಳಿ ಹೋಗಿರುತ್ತಾರೆ.

ಎಷ್ಟು ಮಕ್ಕಳು ಅನ್ನುವ ಲೆಕ್ಕದಲ್ಲೇ ಜಗಳ ಇದೆ. ಕೋವಿಡ್ ಕಾಲದಲ್ಲಿ ಭಾರತದ 19 ಲಕ್ಷಕ್ಕೂ ಹೆಚ್ಚು ಮಕ್ಕಳು ಪಾಲಕರನ್ನು ಕಳೆದುಕೊಂಡರು ಅಂತ 2022ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಬಳಗದ ಒಂದು ಅಧ್ಯಯನ ಅಂದಾಜಿಸಿತು. ಕೇಂದ್ರ ಸರ್ಕಾರ ಅದನ್ನು ತಳ್ಳಿಹಾಕಿ, ತನ್ನ ಲೆಕ್ಕ ಸುಮಾರು 1.53 ಲಕ್ಷ ಅಂದಿತು. ಶಾಲೆಯ ಹಾಜರಿ ಪುಸ್ತಕದಲ್ಲಿ ಇದನ್ನು ಗುರುತಿಸುವ ಅಭ್ಯಾಸ ಇದ್ದಿದ್ದರೆ ವಾದ ಇಷ್ಟು ದೂರ ಹೋಗುತ್ತಿರಲಿಲ್ಲ.

ಮುಂದೆ ಏನಾಗಬಹುದು?

ಈಗಿನ ದಾರಿಯಲ್ಲೇ ಹೋದರೆ ಆಗುವುದು ಊಹಿಸಲು ಕಷ್ಟವಿಲ್ಲ. ನಗರದ ದೊಡ್ಡ ಖಾಸಗಿ ಶಾಲೆಗಳು ಕೌನ್ಸೆಲರ್ ಇಟ್ಟುಕೊಂಡು ಫೀಸಿನಲ್ಲಿ ಸೇರಿಸುತ್ತವೆ. 100 ದಾಟಿದ ಸರ್ಕಾರಿ ಹೈಸ್ಕೂಲುಗಳಲ್ಲಿ ಇರುವ ಶಿಕ್ಷಕರೊಬ್ಬರಿಗೇ ಎರಡು ದಿನ ತರಬೇತಿ ಕೊಟ್ಟು ಕೌನ್ಸೆಲರ್ ಅಂತ ಹೆಸರಿಡುವ ಸಾಧ್ಯತೆ ಹೆಚ್ಚು. ಚಿಕ್ಕ ಶಾಲೆಗಳ ಗೋಡೆ ಮೇಲೆ 14416 ಮತ್ತು ಮಕ್ಕಳ ಸಹಾಯವಾಣಿ 1098 ಬರೆಸಿ ಫೋಟೊ ತೆಗೆದು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಓ) ಕಚೇರಿಗೆ ಕಳಿಸುತ್ತಾರೆ. ಕಾಗದದ ಮೇಲೆ ಆದೇಶ ಪಾಲನೆ ಆಯಿತು.

ಬೇರೆ ದಾರಿಗೆ ಹೊಸ ಹುದ್ದೆಗಳೇ ಬೇಕು ಅಂತೇನಿಲ್ಲ. ವರ್ಷಕ್ಕೆ ಎರಡು ತರಬೇತಿ ಕಡ್ಡಾಯ ಅಂತ ಕೋರ್ಟೇ ಹೇಳಿದೆಯಲ್ಲ, ಅದರಲ್ಲಿ ಅರ್ಧ ದಿನವನ್ನು ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆಯಾದ ಡಯಟ್ ಸಾವಿನ ವಿಷಯಕ್ಕೆ ಮೀಸಲಿಡಬಹುದು. ಆ ಅರ್ಧ ದಿನದಲ್ಲಿ ಬಿಸಿಯೂಟದ ಅಡುಗೆಯವರೂ ಹಾಸ್ಟೆಲ್ ವಾರ್ಡನ್ನರೂ ಕೂರಬೇಕು. ಮಗು ಮೊದಲು ಬಾಯಿಬಿಡುವುದು ಬಹಳ ಕಡೆ ಅವರ ಹತ್ತಿರವೇ. ಒಂದೊಂದು ಶಾಲೆಗೆ ಕೌನ್ಸೆಲರ್ ಕೊಡಲಾಗದಿದ್ದರೆ ಅಕ್ಕಪಕ್ಕದ ಶಾಲೆಗಳ ಒಂದು ಕ್ಲಸ್ಟರ್‌ಗೆ ಒಬ್ಬರನ್ನು ಕೊಟ್ಟು, ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಯ (ಸಿಆರ್‌ಪಿ) ಜೊತೆ ಶಾಲೆಗೇ ಹೋಗುವ ಹಾಗೆ ಮಾಡಬಹುದು. ತಾಯಿ ಮಗು ಬಸ್ ಹತ್ತಿ ಬರುವುದಕ್ಕಿಂತ ಅದು ಸುಲಭ.

ಶಿಕ್ಷಕರು ಕಲಿಯಬೇಕಾದದ್ದೂ ಬಹಳ ಇಲ್ಲ. ಮಗು ವಾಪಸ್ ಬರುವ ಮುಂಚೆ ಮನೆಗೆ ಹೋಗಿ, ತರಗತಿಯಲ್ಲಿ ಏನು ಹೇಳಲಿ ಅಂತ ಮಗುವನ್ನೇ ಕೇಳುವುದು. ಅದು ಒಪ್ಪಿದಷ್ಟನ್ನೇ ಉಳಿದ ಮಕ್ಕಳಿಗೆ ಹೇಳುವುದು. ವಿಶೇಷ ಮುದ್ದು ಮಾಡದೇ, ಹೋಂವರ್ಕಿನಲ್ಲಿ ಕೆಲವು ವಾರ ರಿಯಾಯಿತಿ ಕೊಡುವುದು. ವರ್ಷದ ತಿಥಿ ಯಾವಾಗ ಅಂತ ಬರೆದಿಟ್ಟುಕೊಳ್ಳುವುದು. ಆರು ತಿಂಗಳಾದರೂ ಮಗು ಊಟ, ನಿದ್ದೆ, ಆಟ ಯಾವುದಕ್ಕೂ ಮರಳದಿದ್ದರೆ ತಾಲ್ಲೂಕು ಆಸ್ಪತ್ರೆಗೆ ಕಳಿಸುವುದು. ಸಾಯುವ ಮಾತಾಡಿದರೆ ಮಾತ್ರ ಒಂದು ದಿನವೂ ಕಾಯಬಾರದು.

ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸಭೆಗೆ ಹೋಗುವ ಪೋಷಕರು ಈಗಲೇ ಎರಡು ಪ್ರಶ್ನೆ ಕೇಳಬಹುದು. ಕೋರ್ಟ್ ಹೇಳಿದ ‘ಹೊರಗಿನ ತಜ್ಞರ ಸಂಪರ್ಕ’ ನಮ್ಮ ಶಾಲೆಗೆ ಯಾರ ಜೊತೆ ಆಗಿದೆ, ಅವರ ಹೆಸರೇನು? ಏಳನೇ ತರಗತಿ ಮುಗಿಸಿ ಹೋಗುವ ಮಕ್ಕಳಲ್ಲಿ ಈಚೆಗೆ ಮನೆಯಲ್ಲಿ ಸಾವು ಕಂಡವರ ಬಗ್ಗೆ ಹೈಸ್ಕೂಲಿಗೆ ಯಾರು ತಿಳಿಸುತ್ತಾರೆ? ಎರಡನೆಯದಕ್ಕೆ ಯಾವ ಆದೇಶಕ್ಕೂ ಕಾಯಬೇಕಾಗಿಲ್ಲ. ಈ ಮೇ ತಿಂಗಳಲ್ಲೇ, ಟಿಸಿ ಬರೆಯುವ ಹೊತ್ತಿಗೆ ಶುರು ಮಾಡಬಹುದು.